ತಿಕೋಟಾದ ಬನ್ನಿ ಮಡಿ

1944ರಲ್ಲಿ ನಾನು ವಿಜಾಪುರದಲ್ಲಿ ಕೃಷಿ ಇಲಾಖೆಯ ಅಸಿಸ್ಟೆಂಟ್ ಆಗಿದ್ದೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಳೆಗೆ ಹೊಲದ ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿಸುವುದು ನಮ್ಮ ಮುಖ್ಯ ಕೆಲಸ. ಬಬಲೇಶ್ವರದ ಕಡೆ ಹಾಕಿಸಿದ ಒಡ್ಡುಗಳು ಒಂದೆರಡು ಮಳೆಗಾಲಕ್ಕೇ ಅಲ್ಲಲ್ಲಿ ಬಾಯಿ ಬಿಟ್ಟಿದ್ದವು. ಅವುಗಳ ಮೇಲೆ ಗಿಡ ಬೆಳೆಸಿದರೆ ಬೇರು ಮಣ್ಣನ್ನು ಹಿಡಿದೀತು ಎಂದು ಮೇಲಿನವರು ತೀರ್ಮಾನಿಸಿದರು. ಯಾವ ಗಿಡ ಎನ್ನುವುದನ್ನು ನನಗೆ ಬಿಟ್ಟರು. ನಾನು ಬನ್ನಿಯನ್ನು ಆರಿಸಿಕೊಂಡೆ.

ದಸರೆಗೆ ಬನ್ನಿಯ ಎಲೆಯನ್ನು ಬಂಗಾರವೆಂದು ಎಲ್ಲರೂ ಹಂಚಿಕೊಳ್ಳುತ್ತೇವೆ. ನನ್ನನ್ನು ಸೆಳೆದದ್ದು ಅದರ ಬೇಸಿಗೆಯ ರೂಪ. ಎರೆಹೊಲ ಕೈ ತೂರುವಷ್ಟು ಬಿರುಕು ಬಿಟ್ಟು, ಒಂದು ಹನಿ ಮಳೆಯೂ ಇಲ್ಲದ ದಿನಗಳಲ್ಲಿ ಅದು ಹೊಸ ಚಿಗುರು ಬಿಡುತ್ತದೆ. ಅದರ ಬುಡದಲ್ಲಿ ಬಿತ್ತಿದ ಜೋಳ ನೆರಳಿಗೆ ಸೊರಗುವುದಿಲ್ಲ. ಹಾಗಾಗಿಯೇ ನಮ್ಮ ರೈತರು ಹೊಲದ ನಟ್ಟನಡುವೆ ಬನ್ನಿ ನಿಂತಿದ್ದರೂ ಅದರ ಸುತ್ತ ಕೂರಿಗೆ ತಿರುಗಿಸಿಕೊಂಡು ಬಿತ್ತುತ್ತಾರೆ.

ತಿಕೋಟಾದ ಮಲ್ಲನಗೌಡರು ಬಾವಿಯ ಪಕ್ಕದ ತುಂಡು ಹೊಲವೊಂದನ್ನು ಎರಡು ವರ್ಷದ ಮಾತಿಗೆ ಬಿಟ್ಟುಕೊಟ್ಟರು. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಬಿಸಿನೀರಿನಲ್ಲಿ ನೆನೆಹಾಕಿ, ಮಡಿ ಮಾಡಿ ಬಿತ್ತಿದೆವು. ಸಸಿಗಳನ್ನು ಮುಂದೆ ಕಿತ್ತು ಬಬಲೇಶ್ವರದ ಒಡ್ಡುಗಳಿಗೆ ನೆಡುವುದು ಯೋಜನೆ. ನೀರು ಹೊರಲು, ಕಾವಲಿಗೆ ಕಾಶವ್ವ ಎಂಬ ಹೆಂಗಸನ್ನು ಗೊತ್ತುಮಾಡಿದೆ. ಕುರಿ ಕಾಯುವ ಮನೆತನದವಳು. ಒಮ್ಮೆ ಅವಳ ಮೈದುನನ ಆಡುಗಳೇ ಬೇಲಿ ನುಗ್ಗಿದಾಗ ಅವನ್ನು ತಾನೇ ಹೊಡೆದುಕೊಂಡು ಹೋಗಿ ಸರ್ಕಾರಿ ದೊಡ್ಡಿಗೆ ಹಾಕಿ ಬಂದಿದ್ದಳು. ಮೈದುನ ತಿಂಗಳುಗಟ್ಟಲೆ ಅವಳ ಸಂಗಡ ಮಾತಾಡಲಿಲ್ಲ.

ಬೀಜ ಚೆನ್ನಾಗಿ ಮೊಳೆಯಿತು. ಆಮೇಲೆ ಏನೂ ಆಗಲಿಲ್ಲ. ವರ್ಷ ತುಂಬಿದಾಗ ಸಸಿಗಳು ನಾಲ್ಕು ಬೆರಳಿನಷ್ಟು ಎತ್ತರ. ಎರಡನೆಯ ಬೇಸಿಗೆಗೆ ಒಂದು ಗೇಣು. ದಾರದಂಥ ಕಾಂಡ, ಪುಟ್ಟ ಮುಳ್ಳು, ಹುಣಸೆಯಂಥ ಸಣ್ಣ ಎಲೆ. ಗೌಡರು ಹೊಲಕ್ಕೆ ಬಂದಾಗಲೆಲ್ಲ ನನ್ನನ್ನು ಕೆಣಕುತ್ತಿದ್ದರು. "ರಾಯರ, ನನ್ನ ಹೊಲದಾಗ ಗಿಡ ಬೆಳಸಾಕತ್ತೀರೋ, ಹುಲ್ಲ ಕಾಯಾಕತ್ತೀರೋ?"

ಆ ಮೇ ತಿಂಗಳಲ್ಲಿ ಧಾರವಾಡದಿಂದ ನಮ್ಮ ಮೇಲಧಿಕಾರಿ ತಪಾಸಣೆಗೆ ಬಂದರು. ಮಡಿಯ ಬದುವಿನ ಮೇಲೆ ನಿಂತು ಸಾಲುಗಳನ್ನು ನೋಡಿದರು. "ಜಾಲಿ ಹಚ್ಚಿದ್ದರ ಇಷ್ಟೊತ್ತಿಗೆ ಆಳೆತ್ತರ ಆಗತಿತ್ತು. ಇದನ್ನ ಮುಚ್ಚಿ ಗೌಡರ ಹೊಲ ಗೌಡರಿಗೆ ಕೊಡ್ರಿ," ಎಂದರು. ಗೌಡರು ತಲೆಯಾಡಿಸಿದರು. ಅವರ ನೇಗಿಲು, ಎತ್ತು ಪಕ್ಕದ ಹೊಲದಲ್ಲೇ ಇದ್ದವು.

ಸುಡುಬೇಸಿಗೆಯಲ್ಲಿ ಚಿಗುರುವ ಮರದ ಸಸಿ ಎರಡು ವರ್ಷ ಸುಮ್ಮನೆ ಕೂತಿರಲಾರದು ಎಂದು ನನ್ನ ಮನಸ್ಸು ಹೇಳುತ್ತಿತ್ತು. "ಬಬಲೇಶ್ವರದ ಒಡ್ಡು ನೋಡಿ ಬರ್ರಿ ಸಾಹೇಬ್ರ. ಅಲ್ಲೀತನಕ ಒಂದು ಸಸಿ ಅಗದು ಬೇರು ತೋರಸ್ತೇನಿ," ಎಂದೆ. ಅವರು ಒಪ್ಪಿ ಕಾರು ಹತ್ತಿದರು.

ಕಾಶವ್ವ ಸಲಿಕೆಗೆ ಅಡ್ಡ ನಿಂತಳು. "ಇಷ್ಟ ದಿನ ನೀರ ಹೊತ್ತು ಬದುಕಿಸೇನ್ರಿ. ಒಂದನ್ನ ಕೊಂದು ಉಳದಿದ್ದನ್ನ ಉಳಸ್ತೀರೇನ್ರಿ?"

"ಅಗೀಲಿಲ್ಲಂದ್ರ ಸಂಜೀಕ ಎಲ್ಲಾನೂ ನೇಗಿಲಿಗೆ ಹೊಕ್ಕಾವ, ಕಾಶವ್ವ."

ಅವಳು ಸಾಲುಗಳ ನಡುವೆ ಸ್ವಲ್ಪ ಹೊತ್ತು ತಿರುಗಾಡಿದಳು. ಕೊನೆಗೆ ಮೂಲೆಯ ಒಂದು ಸಸಿಯ ಹತ್ತಿರ ಕೂತು, "ಇದನ್ನ ಅಗೀರಿ," ಎಂದಳು. ಆಮೇಲೆ ತಾನೇ ಬುಟ್ಟಿ ಹಿಡಿದಳು.

ಸಸಿಯಿಂದ ಮೊಳದಾಚೆ ತಗ್ಗು ತೆಗೆದು, ನೀರು ಸುರಿದು ಮಣ್ಣನ್ನು ಬೆರಳಿನಿಂದ ಬಿಡಿಸುತ್ತ ಬಂದೆವು. ಬೇರು ಅಡ್ಡ ಹರಡಿರಲೇ ಇಲ್ಲ. ಕಾಂಡಕ್ಕಿಂತ ದಪ್ಪವಾಗಿ ಒಂದೇ ಎಳೆ ನೆಟ್ಟಗೆ ಕೆಳಗಿಳಿದಿತ್ತು. ಮೊಣಕಾಲಿನ ಆಳ ಆಯಿತು, ಸೊಂಟದ ಆಳ ಆಯಿತು. ಎರೆಮಣ್ಣು ಮುಗಿದು ಕಲ್ಲಿನಂಥ ಗರಸುಮಣ್ಣು ಬಂತು. ಬೇರು ಅಲ್ಲಿಯೂ ನಿಂತಿರಲಿಲ್ಲ. ಹಾರೆಯಿಂದ ಮೀಟಿದರೆ ಮಾತ್ರ ಏಳುವ ಆ ಗರಸಿನೊಳಗೆ ನೂಲಿನಂತೆ ತೂರಿಕೊಂಡು ಇಳಿದಿತ್ತು. ನನ್ನ ಟೊಪ್ಪಿಗೆ ನೆಲಮಟ್ಟಕ್ಕಿಂತ ಕೆಳಗಾದಾಗಲೂ ಅದರ ತುದಿ ಸಿಕ್ಕಿರಲಿಲ್ಲ. ತಲೆಯೆತ್ತಿದರೆ ಮೇಲೆ ಆ ಗೇಣುದ್ದದ ಸಸಿ ಆಕಾಶಕ್ಕೆ ಎದುರಾಗಿ ಕಂಡಿತು. ನಾವು ಮೇಲೆ ನಿಂತು ಬೆಳೆಯಲಿಲ್ಲವೆಂದು ಬೈಯುವಾಗ, ಅದು ಹಗಲಿರುಳು ನೀರಿನತ್ತ ನಡೆದಿತ್ತು.

ಮಧ್ಯಾಹ್ನ ಹಿಂತಿರುಗಿದ ಸಾಹೇಬರು ಕೋಟು ಕಳಚಿ ಗೌಡರ ಕೈಗೆ ಕೊಟ್ಟು ತಗ್ಗಿಗೆ ಇಳಿದರು. ಬೇರನ್ನು ಮೇಲಿನಿಂದ ಕೆಳಗಿನವರೆಗೆ ಕೈಯಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಇಂಥಾ ಬೇರಿದ್ದರ ಯಾವ ಒಡ್ಡೂ ಹೋಗೂದಿಲ್ಲ. ಆದರ ಇದನ್ನ ಬಬಲೇಶ್ವರಕ್ಕ ಹೆಂಗ ಒಯ್ತೀರಿ?" ಎಂದರು.

ಗಿಡದ ಹೆಚ್ಚುಗಾರಿಕೆಯೇ ನಮ್ಮ ಯೋಜನೆಯನ್ನು ಮುಗಿಸಿತ್ತು. ಕಿತ್ತರೆ ಬೇರು ತುಂಡಾಗುತ್ತದೆ. ಬೇರು ತುಂಡಾದರೆ ಆ ಗೇಣುದ್ದದ ಕಡ್ಡಿಯಷ್ಟೇ ಕೈಗೆ ಬರುತ್ತದೆ.

"ಒಯ್ಯಾಕ ಆಗೂದಿಲ್ಲರಿ," ಎಂದೆ. "ಬೀಜಾನ ಒಡ್ಡಿನ ಮ್ಯಾಲ ಊರಬೇಕು."

"ಹಂಗ ಮಾಡ್ರಿ," ಎಂದು ಅವರು ಮೇಲೆ ಹತ್ತಿದರು.

ಉಳಿದ ಸಸಿಗಳ ಗತಿ ಗೌಡರ ಕೈಯಲ್ಲಿತ್ತು. ಕಾಶವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಗೌಡರು ಕೋಟು ಹಿಡಿದುಕೊಂಡೇ ತಗ್ಗಿನೊಳಗೆ ಬಗ್ಗಿದರು. "ಯಪ್ಪಾ! ಇಷ್ಟ ಸಣ್ಣ ಗಿಡ, ಪಾತಾಳಕ್ಕ ಹೋಗೈತಲ್ಲೋ," ಎಂದು ಉದ್ಗಾರ ತೆಗೆದರು. ಆಮೇಲೆ ಆಳನ್ನು ಕೂಗಿ ಎತ್ತು ಬಿಡಿಸಿದರು. "ಎಂಟ ಮಾರಿಗೊಂದ ಬಿಡ್ರಿ ರಾಯರ. ನಡುವ ಜ್ವಾಳ ಬಿತ್ತಿಕೋತೇನಿ. ಲೇ ಕಾಶವ್ವಾ, ಯಾವ್ಯಾವು ಇರಬೇಕು ನೀನ ಹೇಳು." ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡು ಸಾಲಿನೊಳಗೆ ಇಳಿದಳು.

ಆ ಮಳೆಗಾಲ ಬಬಲೇಶ್ವರದ ಒಡ್ಡುಗಳ ಮೇಲೆ ಬೀಜ ಊರಿ, ಮುಳ್ಳಿನ ಬೇಲಿ ಹಾಕಿಸಿದೆವು. ಅವು ಮೊಣಕಾಲೆತ್ತರ ಆಗುವ ಮೊದಲೇ ನನಗೆ ವರ್ಗವಾಯಿತು. ಹೊರಡುವಾಗ ಚಿಂತೆಯಾಗಲಿಲ್ಲ.

ಮುಂದೆ ಬೇರೆ ಬೇರೆ ಜಿಲ್ಲೆಗಳಲ್ಲಿ ಬಗೆಬಗೆಯ ಗಿಡಗಳನ್ನು ಬೆಳೆಸಿದೆ. ಬಹಳಷ್ಟು ಅವಸರದಲ್ಲಿ ಬೆಳೆದವು, ಕೆಲವು ಅವಸರದಲ್ಲೇ ಹೋದವು. ಯಾವ ಕೆಲಸ ಹಿಡಿದರೂ, ಇದು ಕೊನೆಯತನಕ ನಿಲ್ಲಬೇಕಾದ ಜಾಗ ಯಾವುದು ಎಂದು ಮೊದಲು ಕೇಳಿಕೊಂಡು ಅಲ್ಲಿಯೇ ಶುರುಮಾಡುವುದನ್ನು ನನಗೆ ಕಲಿಸಿದ್ದು ಬನ್ನಿ. ಮತ್ತೆ, ಯಾರಾದರೂ ಬಂದು "ಇದು ಬೆಳೆಯುತ್ತಿಲ್ಲ" ಎಂದು ದೂರಿದರೆ, ನಾನು ಉತ್ತರ ಕೊಡುವ ಮೊದಲು ಸಲಿಕೆ ತರಿಸುತ್ತಿದ್ದೆ.