ರಿಪೇರಿ ಕಾಕಾ ಮತ್ತು ನನ್ನ ಒಂದೇ ಕಿವಿ

ಕರೆಂಟು ಹರಿಯುವ ಸೆಟ್ಟಿಗೆ ಕೈ ಹಾಕುವಾಗ ಅವರು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಎರಡೂ ಕೈ ತಗುಲಿದರೆ ಕರೆಂಟು ಎದೆಯನ್ನೇ ಹಾಯ್ದು ಹೋಗುತ್ತದೆ ಎಂಬ ಅಂಜಿಕೆ. ನರಗುಂದದ ಪೇಟೆಯಲ್ಲಿ ಅಷ್ಟು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದರೂ ಆ ಅಂಜಿಕೆ ಅವರನ್ನು ಬಿಟ್ಟಿರಲಿಲ್ಲ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕೊಣ್ಣೂರಿನ ಶಾಲೆಯಲ್ಲಿ ಕಲಿಸುವ ನಾನು ಅವರಿಗೆ ಅಕ್ಕೋರು.

ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಅದೂ ಹೋದರೆ ಎಂಬ ಭಯದಲ್ಲೇ ಬೆಳೆದೆ. ಬೆಳಿಗ್ಗೆ ಚಿಟಿಕೆ ಹೊಡೆದು, ಸದ್ದು ಕೇಳಿಸಿದ ಮೇಲೆಯೇ ಹಾಸಿಗೆ ಬಿಡುತ್ತಿದ್ದೆ. ಬಸ್ಸಿನಲ್ಲಿ ಫೋನಿನ ಹಾಡು ಕೇಳಲೆಂದು ಕಾಕಾ ನನಗೊಂದು ಅಂಗೈಯಗಲದ ಹೆಡ್‌ಫೋನ್ ಆಂಪ್ಲಿಫೈಯರ್ ಮಾಡಿಕೊಟ್ಟಿದ್ದರು. ದನಿ ಸ್ವಚ್ಛವಾಗಿತ್ತು. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಮಾತ್ರ ತೀರಾ ತೆಳ್ಳಗೆ ಕೇಳಿಸುತ್ತಿತ್ತು.

ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಕೂತ ಕೆಪ್ಯಾಸಿಟರ್ ಚಿಕ್ಕದು, ಅದಕ್ಕೇ ಹೀಗೆ ಎಂದರು ಕಾಕಾ. ದೊಡ್ಡದು ಹಾಕಿದರೆ ಡಬ್ಬಿ ಜೇಬಿಗೆ ಹಿಡಿಸುವುದಿಲ್ಲ. ಅದನ್ನು ತೆಗೆದೇಬಿಟ್ಟು ನೇರ ಜೋಡಿಸಿದರೆ ನಾದ ಇನ್ನೂ ಚೆನ್ನಾಗಿ ಬರುತ್ತದೆಂದು ಎಲ್ಲೋ ಓದಿದ್ದ ನಾನು ಹಟ ಹಿಡಿದೆ. ಅವರ ಮುಖ ಸಣ್ಣದಾಯಿತು.

“ಅದು ಹಾಡನ್ನಷ್ಟ ಬಿಡತೈತ್ರಿ, ಬ್ಯಾಟರಿ ಕರೆಂಟ್ ತಡೀತೈತಿ. ಅದನ್ನ ತಗದ ಮ್ಯಾಲೆ ಒಳಗ ಒಂದು ಪಾರ್ಟ್ ಕೆಟ್ಟರ ಸಾಕು, ಬ್ಯಾಟರಿ ಸೀದಾ ಕಿವಿಗೇ ಬರತೈತಿ.”

ನಾನು ಬಿಡಲಿಲ್ಲ. ಕೊನೆಗೆ ಒಪ್ಪಿದರು, ಒಂದು ಕರಾರಿನ ಮೇಲೆ. ಎಂಟು ದಿನ ಅದು ಅವರ ಕಿವಿಯಲ್ಲಿರಬೇಕು, ಆಮೇಲೆ ನನ್ನದು.

ಎಂಟನೆಯ ದಿನ ಸಂಜೆ ಬಸ್ಸಿಳಿದು ಸೀದಾ ಅಂಗಡಿಗೆ ಹೋದೆ. ಕಾಕಾ ಬಲಗಿವಿಯೊಳಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಾಳಕ್ಕೆ ತಲೆದೂಗುತ್ತಿದ್ದರು. ಕೊಡಿ ಎಂದು ಕೈ ಚಾಚಿದೆ. ಅಷ್ಟರಲ್ಲಿ ಹೆಡ್‌ಫೋನ್ ಫಟ್ಟೆಂದದ್ದು ನನಗೂ ಕೇಳಿಸಿತು, ಅವರ ಕುತ್ತಿಗೆ ಝಾಡಿಸಿದಂತೆ ಹೊರಳಿತು. ಹೆಡ್‌ಫೋನನ್ನು ಕಿತ್ತೆಸೆದರು, ಬ್ಯಾಟರಿಯನ್ನು ಬೇರ್ಪಡಿಸಿದರು, ಆಮೇಲೆ ಕುಸಿದು ಕೂತರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಏನಾಯಿತು, ಏನಾಯಿತು ಎಂದು ನಾನು ಕೇಳುತ್ತಲೇ ಇದ್ದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು.

“ಅಕ್ಕೋರ, ಈ ಕಡಿ ಬಂದು ಮಾತಾಡ್ರಿ,” ಎಂದು ತಮ್ಮ ಎಡಕ್ಕೆ ಕೈ ತೋರಿಸಿದರು.

ಇನ್ನೊಂದು ನಿಮಿಷ ಕಳೆದಿದ್ದರೆ ಅದು ನನ್ನ ಕಿವಿಯಲ್ಲಿರುತ್ತಿತ್ತು. ತಪ್ಪು ನನ್ನದೆಂದು ಅತ್ತೆ. ಅವರು ಸಿಟ್ಟಾಗಲಿಲ್ಲ.

“ನನಗ ಎರಡು ಅದಾವ್ರಿ. ನಿಮಗ ಒಂದ ಐತಿ.”

ಹುಬ್ಬಳ್ಳಿಯ ಡಾಕ್ಟರು ಔಷಧಿ ಕೊಟ್ಟು, ಕಾದು ನೋಡಬೇಕು ಎಂದರು. ದಿನಾ ಸಂಜೆ ಅಂಗಡಿಯ ಮೆಟ್ಟಿಲು ಹತ್ತಿ, ಈಗ ಕೇಳಿಸುತ್ತದೆಯೇ ಎಂದು ವಿಚಾರಿಸುತ್ತಿದ್ದೆ. ತಿಂಗಳಾದ ಮೇಲೆ, ಕಿವಿ ಪೂರ್ತಿ ಬಂತು ಎಂದು ಅವರೇ ನಗುತ್ತ ಹೇಳಿದರು. ನಿರಾಳವಾಗಿ ಉಸಿರಾಡಿದೆ. ದೊಡ್ಡ ಕೆಪ್ಯಾಸಿಟರ್ ಹಾಕಿದ ದಪ್ಪ ಡಬ್ಬಿಯೊಂದನ್ನು ಆಗಲೇ ಸಿದ್ಧ ಮಾಡಿಟ್ಟಿದ್ದರು. ಅದನ್ನು ಹೆಗಲಿಗೆ ಹಾಕಿಕೊಳ್ಳಲು ಅವರ ಹೆಂಡತಿ ಕಾಕು ಒಂದು ಬಟ್ಟೆಯ ಚೀಲ ಹೊಲಿದುಕೊಟ್ಟರು. ಡಗ್ಗಾ ತುಂಬಿಕೊಂಡು ಕೇಳಿಸಿತು.

ಹೋದ ಮಳೆಗಾಲ ಕಾಕಾ ನ್ಯುಮೋನಿಯಾ ಆಗಿ ತೀರಿಕೊಂಡರು. ಕಾಕುವನ್ನು ಮಾತಾಡಿಸಲು ಹೋದಾಗ ಆ ಸಂಜೆಯನ್ನು ನೆನೆದು, ಪುಣ್ಯಕ್ಕೆ ಕಿವಿಯಾದರೂ ಮರಳಿ ಬಂತಲ್ಲ ಎಂದೆ. ಕಾಕು ನನ್ನ ಬಲಕ್ಕೆ ಸರಿದು ಕೂತರು.

“ಎಲ್ಲಿ ಬಂತವ್ವಾ. ಕಡೀತನಕ ಬರಲೇ ಇಲ್ಲ. ಅಕ್ಕೋರು ಮೊದಲ ಅಂಜತಾರ, ಅವರಿಗೆ ಹೇಳಬ್ಯಾಡ ಅಂದಿದ್ರು.”

ಕಾಕು ಮೆಲ್ಲಗೆ ಆಡಿದ ಆ ಮಾತನ್ನು, ಕಾಕಾ ಉಳಿಸಿಕೊಟ್ಟ ನನ್ನ ಕಿವಿ ಒಂದಕ್ಷರವೂ ಬಿಡದೆ ಕೇಳಿಸಿಕೊಂಡಿತು.