ಸರಕಾರದ್ದು ಅಂದರೆ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮರಾಠಿ ನಾಡಿನ ಭೋಸರಿಯ ಆರೋಗ್ಯ ಕೇಂದ್ರದಲ್ಲಿ, ಚುಚ್ಚುಮದ್ದಿನ ಮೇಜಿನ ಎಡಕ್ಕೆ ನಾನು ನಿಂತಿದ್ದೆ. ಸರಕಾರದ ಹಣದಲ್ಲಿ ಹೊಸ ಟಿ.ಬಿ. ಲಸಿಕೆಯ ಪರೀಕ್ಷೆ ನಡೆದಿತ್ತು. ಅಲ್ಲಿಗೆ ದುಡಿಯಲು ಬಂದ ಕನ್ನಡದವರಿಗೆ ವಿವರಿಸಿ ಒಪ್ಪಿಗೆ ಕೇಳುವುದು ನನ್ನ ಕೆಲಸ.

“ಅಂಜಬ್ಯಾಡ್ರಿ ಅಕ್ಕಾರ, ಇದು ಸರಕಾರದ್ದು. ಒಪ್ಪಿಗಿ ಅದ ಏನ್ರಿ?” ಎಂದು, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ, ಕಲಬುರ್ಗಿ ಕಡೆಯ ಹೆಂಗಸೊಬ್ಬರನ್ನು ಕೇಳಿದೆ.

ಆಕೆ ತೋಳು ಚಾಚಿದರು. “ಸರಕಾರದ್ದಂದ್ರ ಬ್ಯಾಡ ಅನ್ನಾಕ ಬರ್ತದೇನ್ರಿ?”

“ಬರ್ತದ್ರಿ.”

“ರೇಷನ್ ಬಂದ್ ಮಾಡಂಗಿಲ್ಲ?”

“ಇಲ್ರಿ.”

“ಮೊದ್ಲೇ ಹೇಳಬಾರದೇನಪಾ!” ಆಕೆ ತೋಳು ಎಳೆದುಕೊಂಡು ಸೆರಗು ಹೊದ್ದರು.

ಧೈರ್ಯಕ್ಕೆಂದು ನಾನು ಆಡುತ್ತಿದ್ದ ‘ಸರಕಾರದ್ದು’ ಎಂಬ ಮಾತು ಅವರಿಗೆ ಅಪ್ಪಣೆಯಾಗಿ ಕೇಳಿಸಿತ್ತು. ಆಕೆಗೂ ಮೊದಲು ಅದೇ ಮಾತು ಕೇಳಿ ತೋಳು ಚಾಚಿದವರನ್ನು ನೆನೆದು ನಾಚಿಕೆಯಿಂದ ತಲೆ ತಗ್ಗಿಸಿದೆ. ಕನ್ನಡ ಬಾರದ ನರ್ಸ್ ಸಿರಿಂಜ್ ಹಿಡಿದು ಎಲ್ಲವನ್ನೂ ನೋಡಿದರು. ನಂಬದವರು ಕೇಳಿ ನೋಡಬಹುದು: ಆ ನರ್ಸ್ ಈಗಲೂ ಅಲ್ಲೇ ಇದ್ದಾರೆ. ಆ ಅಕ್ಕನೂ ಭೋಸರಿಯಲ್ಲೇ ಇದ್ದಾರೆ.