ಹಗೇವಿಗಿಳಿಸಿದ ಕಂದೀಲು

ಕಂದೀಲು ಆರಿತು.

"ಎಣ್ಣಿ ತೀರಿರಬೇಕು," ಎಂದೆ ನಾನು.

ಇಷ್ಟೇ ನಾನು ಆಡಿದ ಮಾತು. ಆರು ದಿನವಾಯಿತು, ಅದು ನನ್ನನ್ನು ಬಿಡುತ್ತಿಲ್ಲ. ಶಾಲೆಯಲ್ಲಿ ಹಾಜರಿ ಕರೆಯುವಾಗ, ಟ್ರೇನಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ, ಊಟಕ್ಕೆ ಕುಳಿತು ರೊಟ್ಟಿ ಮುರಿಯುವಾಗ, ಮತ್ತೆ ಅದೇ ಅಂಗಳ, ಅದೇ ಹಗ್ಗ, ಅದೇ ನನ್ನ ದನಿ. ಎಷ್ಟು ಖಚಿತವಾಗಿತ್ತು ಆ ದನಿ!

ಈ ಅಂಕಣವನ್ನು ತಪ್ಪದೆ ಓದುವವರಿಗೆ ನಮ್ಮ ಗಡಿಬಿಡಿ ಗೊತ್ತೇ ಇದೆ. ನಾನು ವಾಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮನೆ ಇರುವುದು ಸೇಡಂನಲ್ಲಿ. ಮೂರು ವರ್ಷ ಟ್ರೇನಿನಲ್ಲಿ ಓಡಾಡಿ ಸಾಕಾಗಿದೆ. ವಾಡಿಯ ಸ್ಟೇಷನ್ನಿನ ಹತ್ತಿರವೇ ಒಂದು ಮನೆ ಸಿಕ್ಕಿದೆ. ಅದರ ಮಾಲಕರು ಅಮಾವಾಸ್ಯೆಯವರೆಗೆ ಮಾತ್ರ ಕಾಯುತ್ತಾರಂತೆ. ಅಷ್ಟರೊಳಗೆ ಸೇಡಂನ ಮನೆ ಹೋಗಬೇಕು, ವಾಡಿಯ ಮನೆ ಬರಬೇಕು. ಇದು ಹೋಗಿ ಅದು ಬಾರದಿದ್ದರೆ? ಅಥವಾ ಇದು ಹೋಗಲೇ ಇಲ್ಲವಾದರೆ? ಅವ್ವ, ನಾನು, ನನ್ನ ಹೆಂಡತಿ, ಮೂವರೂ ಒಂದು ವಾರ ಸರಿಯಾಗಿ ನಿದ್ದೆ ಮಾಡಿಲ್ಲ.

ಮನೆಯನ್ನು ಮಾರಾಟಕ್ಕೆ ಅಣಿಗೊಳಿಸಿದ್ದೀರಾ ಎಂದಾದರೂ? ವಿಚಿತ್ರ ಕೆಲಸ. ಇಪ್ಪತ್ತು ವರ್ಷ ಕಂಡೂ ಕಾಣದಂತಿದ್ದ ಕೊರತೆಗಳೆಲ್ಲ ಒಂದೇ ದಿನ ಎದ್ದು ಬಂದು ಮುಂದೆ ನಿಲ್ಲುತ್ತವೆ. ಪಡಸಾಲೆಯ ಗೋಡೆಯಲ್ಲಿ ಬಿರುಕು. ಅದಕ್ಕೆ ಸುಣ್ಣ ತುಂಬಿದೆವು. ತೊಲೆಗೆ ಗೆದ್ದಲು. ಅದಕ್ಕೆ ಕರಿ ಬಣ್ಣ ಬಳಿದೆವು. ಮಾಳಿಗೆಯ ಒಂದು ಮೂಲೆ ಸೋರುತ್ತದೆ. ಅದರ ಕೆಳಗೆ ಕೌದಿಗಳನ್ನು ಅಂದವಾಗಿ ಮಡಚಿ ಪೇರಿಸಿಟ್ಟೆವು, ಕಲೆ ಕಾಣದ ಹಾಗೆ.

ಒಂದೊಂದಕ್ಕೂ ಒಂದೊಂದು ಉತ್ತರವನ್ನೂ ತಯಾರಿಸಿಕೊಂಡೆ. 'ಅದು ಬಿರುಕಲ್ಲರಿ, ಗಿಲಾವಿನ ಗೆರೆ.' 'ಗೆದ್ದಲಾ? ಹಳೇದು, ಎಂದೋ ಸತ್ತದ.' (ಕನ್ನಡಿಯ ಮುಂದೆ ನಿಂತು ಇದನ್ನೆಲ್ಲ ಒಪ್ಪಿಸಿದೆ. ನನ್ನವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು.)

ಅವ್ವ ಬಾಗಿಲಲ್ಲಿ ನಿಂತು ಸುತ್ತಲೂ ನೋಡಿ ಅಂದಳು: "ನಾವು ಇರೋತನ ಒಂದ ದಿನಾನೂ ಇಷ್ಟು ಚಂದ ಕಾಣಲಿಲ್ಲಲ್ಲೋ ಈ ಮನಿ! ಮಾರೋದ್ಯಾಕ, ನಾವೇ ತಗೋಳೋಣೇನು?"

ನೋಡಲು ಬರಬೇಕಾಗಿದ್ದವರು ಚಿತ್ತಾಪುರದ ಒಬ್ಬ ಹಿರಿಯರು. ಕಚೇರಿಯಲ್ಲಿ ಪೇಶಕಾರರಾಗಿ ನಿವೃತ್ತರಾದವರು. ಮಗಳನ್ನು ಸೇಡಂಗೆ ಕೊಟ್ಟಿದ್ದಾರೆ, ಅವಳ ಹತ್ತಿರ ಇರಬೇಕೆಂಬ ಆಸೆ. ಬೆಳಗಿನ ಟ್ರೇನಿಗೆ ಬರುತ್ತೇನೆ, ಹಗೇವು ತೆಗೆಸಿ ಇಡಿ, ಒಳಗೋಡೆ ನೋಡಬೇಕು ಎಂದು ಹೇಳಿ ಕಳಿಸಿದ್ದರು.

ಹಗೇವನ್ನು ನೋಡದ ಓದುಗರೂ ಇರಬಹುದು. ಅದು ಅಂಗಳದಲ್ಲಿ ತೋಡಿದ, ಜೋಳ ತುಂಬಿಡುವ ನೆಲಗುಳಿ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮೇಲೆ ಬಂಡೆ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ತೆರೆಯಲು ಒಂದು ಪದ್ಧತಿಯಿದೆ. ಬಂಡೆ ಸರಿಸಿ ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಡಬೇಕು. ತಳದಲ್ಲಿ ಅದು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಉಸಿರಿಗೆ ಗಾಳಿಯಿಲ್ಲ, ಇಳಿಯಬಾರದು. ಇಷ್ಟೇ. ಓದು ಬಾರದವರೂ ಪಾಲಿಸುವ ಮಾತು.

ನಾವು ಹಿಂದಿನ ದಿನವೇ ತೆರೆಯಬೇಕಿತ್ತು. ಹಿಂದಿನ ದಿನ ಸುಣ್ಣ ಬಳಿಯುತ್ತಿದ್ದೆವು. ಹಸಿ ಗೋಡೆಗೆ ಜೋಳದ ಧೂಳು ಕೂತರೆ ಚೆನ್ನಾಗಿ ಕಾಣುವುದಿಲ್ಲವೆಂದು ಬಂಡೆಯನ್ನು ಮುಟ್ಟಗೊಡಲಿಲ್ಲ. ಯಾರು? ನಾನೇ.

ಬೆಳಿಗ್ಗೆ ಹಣಮಂತ ಬಂದ. ನನಗಿಂತ ಹತ್ತು ವರ್ಷ ಹಿರಿಯ. ಊರಿನ ಹಗೇವುಗಳಿಗೆಲ್ಲ ಇಳಿಯುವವನು ಅವನೇ. ಬಂಡೆ ಸರಿಸಿ, ಬಗ್ಗಿ ನೋಡಿ, ಹಿಂದೆ ಸರಿದು ಕೂತ.

"ಇವತ್ತ ಬಾಯಿ ಬಿಟ್ಟದ್ರಿ ಮಾಸ್ತರ. ನಾಳಿಗಿ ಇಳೀತೀನಿ."

"ಪೇಶಕಾರ ಸಾಹೇಬ್ರು ನಾಳಿಗಿ ಬರಾಂಗಿಲ್ಲ ಹಣಮಂತಣ್ಣ. ಇವತ್ತ ಬರ್ಲಿಕತ್ತಾರ. ಕಂದೀಲು ಬಿಟ್ಟು ನೋಡು."

ಬಿಟ್ಟ. ಬೆಳಕು ಕೆಳಗಿಳಿಯಿತು. ಅರ್ಧಕ್ಕೆ ಹೋಗುತ್ತಲೇ ಕೆಂಪಗಾಯಿತು, ಸಣ್ಣದಾಯಿತು, ಹೋಯಿತು.

ಆಗಲೇ ನಾನು ಆ ಮಾತು ಅಂದದ್ದು.

ಹಣಮಂತ ಕಂದೀಲನ್ನು ಮೇಲೆಳೆದು ನೋಡಿದ. ನನ್ನ ಮುಖ ನೋಡಿದ. "ಆತ್ರಿ. ನೀವು ಓದಿದೋರು," ಎಂದ. ಅದರಲ್ಲಿ ಒಂದಿಷ್ಟಾದರೂ ಕೊಂಕು ಇದ್ದಿದ್ದರೆ! ಇರಲಿಲ್ಲ. ನಿಜವಾಗಿ ನಂಬಿಯೇ ಅಂದದ್ದು.

ಅವ್ವ ಮಾತ್ರ ಹಗ್ಗ ಹಿಡಿದು ಅಡ್ಡ ಬಂದಳು. "ಕಂಕಳದಾಗ ಕಟ್ಕೊಂಡು ಇಳಿ. ಇಲ್ಲಂದ್ರ ನಾ ಇಲ್ಲೇ ಬಾಯಿಗಿ ಅಡ್ಡ ಕುಂದರ್ತೀನಿ ನೋಡು."

"ನಾ ಏನು ಎಮ್ಮಿ ಏನಬೇ, ಹಗ್ಗ ಕಟ್ಟಲಿಕ್ಕ?"

"ಎಮ್ಮಿಗಿ ನಿನಗಿಂತ ಬುದ್ಧಿ ಭಾಳ. ಕಟ್ಕೋ."

ನಗುತ್ತ ಕಟ್ಟಿಕೊಂಡ. ನಗುತ್ತಲೇ ಇಳಿದ. "ಜೋಳ ಬೆಚ್ಚಗ ಅದಾವ್ರಿ," ಎಂದು ಒಳಗಿಂದ ಕೂಗಿದ. "ಬುಟ್ಟಿ ಬಿಡ್ರಿ," ಎಂದ. ಬಿಟ್ಟೆ. ಬುಟ್ಟಿಯ ಹಗ್ಗ ಸಡಿಲವಾಯಿತು. ಆಮೇಲೆ ಏನೂ ಇಲ್ಲ.

"ಹಣಮಂತಣ್ಣಾ?"

ಏನೂ ಇಲ್ಲ.

ಅವನ ಮೈಗೆ ಕಟ್ಟಿದ ಹಗ್ಗ ಎಳೆದೆ. ಅದರ ಆ ತೂಕ! ತನ್ನನ್ನು ತಾನು ಹಿಡಿದುಕೊಳ್ಳದ ಮನುಷ್ಯ ಅಷ್ಟು ಭಾರವಿರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಅವ್ವ ಎಳೆದಳು, ನನ್ನವಳು ಎಳೆದಳು. ಹಗ್ಗ ಅಂಗೈ ಸುಟ್ಟಿತೇ ಹೊರತು ಮೇಲೆ ಬರಲಿಲ್ಲ. ಅಷ್ಟರಲ್ಲಿ ತಲಬಾಗಿಲಲ್ಲಿ ಯಾರೋ ಕೆಮ್ಮಿದರು. ಶೇರವಾನಿ, ಕೈಯಲ್ಲಿ ಛತ್ರಿ. ಪೇಶಕಾರ ಸಾಹೇಬರು. ಒಂದು ಕ್ಷಣ ನೋಡಿದರು. ಛತ್ರಿ ಎಸೆದು ಓಡಿ ಬಂದು ಹಗ್ಗ ಹಿಡಿದರು.

ಹಗೇವಿನ ಕೊರಳಲ್ಲಿ ಹಣಮಂತನ ಭುಜ ಸಿಕ್ಕಿಕೊಂಡಿತು. ಅವ್ವ ನೆಲಕ್ಕೆ ಬೋರಲು ಬಿದ್ದು, ಒಳಗೆ ಕೈ ಹಾಕಿ, ಅವನ ತೋಳುಗಳನ್ನು ಒಂದೊಂದಾಗಿ ಮೇಲೆ ತಂದಳು. ಅಂಗಳದಲ್ಲಿ ಮಲಗಿಸಿದೆವು. ಮುಖ ಬೂದಿಯ ಬಣ್ಣ. ಸಾಹೇಬರು ತಮ್ಮ ರೂಮಿ ಟೊಪ್ಪಿಗೆ ತೆಗೆದು ಗಾಳಿ ಹಾಕತೊಡಗಿದರು. ನಾನು?

ನಾನು ನಿಂತಿದ್ದೆ. ಹೈದರಾಬಾದಿನ ಕಾಲೇಜಿನಲ್ಲಿ ಸೈನ್ಸ್ ಓದಿದವನು ಸುಮ್ಮನೆ ನಿಂತಿದ್ದೆ.

ಎಷ್ಟು ಹೊತ್ತೋ ತಿಳಿಯದು. ಹಣಮಂತ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಕಣ್ಣು ತೆರೆದು ಅವನಾಡಿದ ಮೊದಲ ಮಾತು: "ಬುಟ್ಟಿ ಕೆಳಗೇ ಉಳೀತ್ರಿ."

ಸಾಹೇಬರು ಹೊರಡುವಾಗ ಪಡಸಾಲೆಯಲ್ಲಿ ಒಂದು ಗಳಿಗೆ ನಿಂತರು. ಗೋಡೆಯ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಬಿಳುಪನ್ನು ನೋಡಿದರು. "ಮತ್ತ ಬರ್ತೀನಿ ಮಾಸ್ತರ್ ಸಾಬ್. ಸುಣ್ಣ ಭಾಳ ಹೊಸಾದು ಅದ. ಇವತ್ತ ಸುಣ್ಣ ನೋಡಿದಂಗಾತು. ಇನ್ನೊಮ್ಮಿ ಗೋಡಿ ತೋರಸ್ರಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಸಂಜೆ ಕೌದಿಗಳನ್ನು ಆ ಮೂಲೆಯಿಂದ ತೆಗೆದಿಟ್ಟೆ.

ಓದುಗರೇ, ಪ್ರತಿ ವರ್ಷ ನಾನು ತರಗತಿಯಲ್ಲಿ ಒಂದು ಪ್ರಯೋಗ ಮಾಡುತ್ತೇನೆ. ಉರಿಯುವ ಮೇಣದಬತ್ತಿಯ ಮೇಲೆ ಗ್ಲಾಸು ಬೋರಲು ಹಾಕುತ್ತೇನೆ. ಬತ್ತಿ ಆರುತ್ತದೆ. ಏಕೆ ಆರಿತು ಎಂದು ಉರ್ದುವಿನಲ್ಲಿ ಕೇಳುತ್ತೇನೆ (ಪಾಠವೆಲ್ಲ ಉರ್ದುವಿನಲ್ಲೇ). ಹುಡುಗರು ಒಂದೇ ದನಿಯಲ್ಲಿ ಸರಿಯುತ್ತರ ಕೊಡುತ್ತಾರೆ. ಅವರಲ್ಲಿ ಯಾವನಾದರೂ 'ಮೇಣ ತೀರಿತು ಸಾಬ್' ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಾಗಾದರೆ ನಾನೇಕೆ ಹಾಗೆ ಅಂದೆ? ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ವಾರವಿಡೀ ಬಿರುಕಿಗೊಂದು, ಗೆದ್ದಲಿಗೊಂದು, ಸೋರುವ ಮೂಲೆಗೊಂದು ಉತ್ತರ ಕೊಟ್ಟು ಕೊಟ್ಟು ನಾಲಿಗೆಗೆ ರೂಢಿಯಾಗಿತ್ತು. ಕಂದೀಲಿಗೂ ಒಂದು ಕೊಟ್ಟುಬಿಟ್ಟೆ.

ಬುಧವಾರ ಶಾಲೆ ಬಿಟ್ಟ ಮೇಲೆ ವಾಡಿಯ ಮನೆಗೆ ಮತ್ತೊಮ್ಮೆ ಹೋದೆ. ಮಾಲಕರು ನಗುನಗುತ್ತ ಎದುರುಗೊಂಡರು. ಬಾವಿ ಬೇಸಿಗೆಯಲ್ಲಿ ಬತ್ತುತ್ತದೆಯೇ? ಎಂದೂ ಇಲ್ಲವಂತೆ. ಮಾಳಿಗೆ? ಹನಿ ಸೋರುವುದಿಲ್ಲವಂತೆ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬರುತ್ತಿತ್ತು. ಹಿತ್ತಲ ಗೋಡೆಯೊಂದಕ್ಕೆ ಮಾತ್ರ ಹೊಸ ಸುಣ್ಣ. ಏಕೆಂದು ಕೇಳಿದೆ. "ನಿಮ್ಮ ಸಲುವಾಗೇ ರಿ ಮಾಸ್ತರ," ಎಂದರು. ಕನ್ನಡಿಯ ಮುಂದೆ ಅವರೂ ನಿಂತಿರಬೇಕು. ಅಮಾವಾಸ್ಯೆಗೆ ಇನ್ನು ಎಂಟು ದಿನ.

ಆದರೆ ನನ್ನ ಆತಂಕ ಈಗ ಅಮಾವಾಸ್ಯೆಯದಲ್ಲ, ಸೋಮವಾರದ್ದು.

ನಿನ್ನೆ ಹಣಮಂತ ಬಂದಿದ್ದ. ತಲೆಗೆ ಬಟ್ಟೆ ಬಿಗಿದಿದ್ದ. ಬಗ್ಗಿದರೆ ಇನ್ನೂ ತಲೆ ಸಿಡಿಯುತ್ತದಂತೆ. ಕಟ್ಟೆಯ ಮೇಲೆ ಕೂತ.

"ಒಂದು ಮಾತು ಕೇಳ್ಲೇನ್ರಿ ಮಾಸ್ತರ? ಸೋಮವಾರ ಕುರಕುಂಟಾದಾಗ ಎರಡು ಹಗೇವು ತೆಗೀಲಿಕ್ಕ ಕರದಾರ. ಇಷ್ಟು ವರ್ಷ ಕಂದೀಲು ನೋಡೇ ಇಳದೀನಿ, ಎಂದೂ ದಗಾ ಮಾಡಿಲ್ಲ. ನಿಮ್ಮಲ್ಲಿ ಎಣ್ಣಿ ತೀರಿ ಆರಿತು ಅಂದ್ರಿ. ಖರೆ ಇರಬೇಕು. ಆದ್ರ ಹಂಗಾದ್ರ ನನಗ ತಿಳಿಯೂದು ಹೆಂಗರಿ? ಇನ್ಮ್ಯಾಲ ಕಂದೀಲು ನಂಬಲ್ಯೋ ಬ್ಯಾಡೋ?"

ನೋಡಿದಿರಾ? ಅವನ ಜೀವ ಕಾಯುತ್ತ ಬಂದ ಒಂದೇ ಒಂದು ತಿಳಿವಳಿಕೆ. ನನ್ನ ಮರ್ಯಾದೆ ಉಳಿಸಲು ಅದನ್ನೇ ಅನುಮಾನಿಸತೊಡಗಿದ್ದಾನೆ.

ಏನು ಹೇಳಿದೆ ನಾನು? ಬಾಯಿ ತೆರೆದೆ. ಅಷ್ಟರಲ್ಲಿ ನನ್ನವಳು ಚಹಾ ತಂದಳು. "ತಣ್ಣಗಾಗ್ತದ, ಕುಡಿ ಹಣಮಂತಣ್ಣ," ಎಂದೆ.

ಕುಡಿದು ಹೋದ.

ಅವನು ಹೋದ ಮೇಲೆ ಕಂದೀಲನ್ನು ಗೂಟದಿಂದ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅವತ್ತಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಒಳಗೆ ಎಣ್ಣೆ ತುಳುಕಿತು. ಮುಕ್ಕಾಲು ಭಾಗ ಎಣ್ಣೆ.

ಈ ಎಲ್ಲವನ್ನೂ ಒಂದೂ ಬಿಡದೆ, ಒಂದೂ ಮುಚ್ಚದೆ ಇಲ್ಲಿ ಬರೆದಿದ್ದೇನೆ. ಹಣಮಂತನಿಗೆ ಓದು ಬರುವುದಿಲ್ಲ. ಮತ್ತೆ ನಾನು ಇದನ್ನು ಯಾರಿಗೆ ಹೇಳುತ್ತಿದ್ದೇನೆ?